ಸುಣ್ಣದ ಗುಂಡಿಗೆ ಬಿದ್ದ ಹುಡುಗಿ

(ನಾಗರ ಪಂಚಮಿಯ ಮರುದಿನ ದುಮ್ಮವಾಡದಲ್ಲಿ ಕೂಡಿದ ಸಭೆಯಲ್ಲಿ ಮಾಡಿದ ಭಾಷಣ)

ದುಮ್ಮವಾಡದ ಹಿರಿಯರೆ, ಪಾಳಿ ಮುಗಿಸಿ ನೇರವಾಗಿ ಇಲ್ಲಿಗೆ ಬಂದ ಗಿರಣಿಯ ಅಣ್ಣತಮ್ಮಂದಿರೆ, ಅಂಗಡಿಯ ಬಾಗಿಲು ಅರ್ಧ ಮುಚ್ಚಿ ಬಂದು ಕುಳಿತ ವ್ಯಾಪಾರಸ್ಥರೆ, ಹಿಂದಿನ ಸಾಲಿನಲ್ಲಿರುವ ತಾಯಂದಿರೆ,

ಇಂದು ನಾವು ಕೂಲಿಯ ಮಾತನ್ನೂ ಪೇಟೆಯ ಧಾರಣೆಯ ಮಾತನ್ನೂ ಆಡುವುದಿಲ್ಲ. ಅವನ್ನು ಮುಂದಿನ ಸಭೆಗೆ ಇಟ್ಟುಕೊಳ್ಳೋಣ. ನಿನ್ನೆ ಪಂಚಮಿಯಾಯಿತು. ಊರೊಳಗೆ ಬರುವಾಗ ಗಿಡಗಳಿಗೆ ಜೋಕಾಲಿ ಕಟ್ಟಿದ್ದನ್ನು ಕಂಡೆವು. ಹಗ್ಗಗಳನ್ನು ಇನ್ನೂ ಬಿಚ್ಚಿಲ್ಲ. ಅವನ್ನು ಕಂಡಾಗ ನಮಗೊಂದು ಹಳೆಯ ಕಥೆ ನೆನಪಾಯಿತು. ಆ ಕಥೆಯನ್ನು ಹೇಳಿ, ಅದರೊಳಗಿನ ಒಬ್ಬ ಹುಡುಗಿಯ ಬಗ್ಗೆ ನಾಲ್ಕು ಮಾತು ಆಡಿ ಕುಳಿತುಕೊಳ್ಳುತ್ತೇವೆ.

"ಮಾಸ್ತರಿಕೆ ಬಿಟ್ಟರೂ ಮಾಸ್ತರರು ಕಥೆ ಹೇಳುವ ಚಾಳಿ ಬಿಡಲಿಲ್ಲ" ಎಂದು ನೀವು ನಗಬಹುದು. ನಗಿರಿ. ಆದರೆ ಕಥೆ ಹೇಳಲು ಕಾರಣವುಂಟು. ಇತ್ತೀಚೆಗೆ ನಾವು ಹೋದಹೋದಲ್ಲಿ ಹೆಣ್ಣುಮಕ್ಕಳನ್ನು ಕುರಿತು ಒಂದೇ ದೂರು ಕೇಳಿಬರುತ್ತದೆ. "ಹತ್ತೊತ್ತಿಗೂ ಕನ್ನಡಿ ಮುಂದೆ ನಿಲ್ಲತಾಳ್ರೀ. ಡೌಲು ಹೆಚ್ಚಾಗೇದ. ಸಾಲಿ ಬಿಡಿಸಿ, ಒಂದು ಮನಿ ನೋಡಿ ದಾಟಿಸಿಬಿಡಬೇಕು." ಇದನ್ನು ಹೇಳುವವರು ಕೆಟ್ಟ ಜನರಲ್ಲ. ಹತ್ತು ತಾಸು ದುಡಿದು ಮನೆಗೆ ಬಂದ ತಂದೆ, ದಿನವೆಲ್ಲ ಅಂಗಡಿಯಲ್ಲಿ ಕುಳಿತ ಅಣ್ಣ, ಹೊಲದಿಂದ ಬಂದ ತಾಯಿ. ಅವರೆಲ್ಲ ನಮ್ಮವರೆ. ಆದ್ದರಿಂದಲೇ ಈ ಮಾತಿನ ವಿಚಾರ ಮಾಡಬೇಕಾಗಿದೆ.

ಕಥೆ ಹೂವಿನ ಗಿಡವಾಗುವ ಹುಡುಗಿಯದು. ನಿಮ್ಮಲ್ಲಿ ಕೆಲವರು ಅಜ್ಜಿಯ ಬಾಯಿಂದ ಕೇಳಿರಬಹುದು. ಮೈಸೂರಿನಲ್ಲಿ 1929ರಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ ಅವರು ನಮ್ಮ ನೆರೆಯ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಪಾಠ ಹೇಳಿದವರು. ಮುಂದೆ ಅಮೆರಿಕದ ಶಿಕಾಗೊ ವಿಶ್ವವಿದ್ಯಾಲಯಕ್ಕೆ ಹೋದರು. ದೊಡ್ಡ ವಿದ್ವಾಂಸರಾದರೂ ಅಡಿಗೆಮನೆಯ ಮೂಲೆಯಲ್ಲಿ ಹೆಣ್ಣುಮಕ್ಕಳು ಹೇಳುವ ಕಥೆಗಳನ್ನು ಕೇಳಿ ಬರೆದುಕೊಂಡರು. ಈ ಕಥೆಯನ್ನೂ ಅವರು ಬೇರೆ ಬೇರೆ ಬಾಯಿಂದ ಕೇಳಿ ಇಂಗ್ಲಿಷಿಗೆ ಇಳಿಸಿದರು. ಅವರು 1993ರಲ್ಲಿ ತೀರಿಕೊಂಡರು. ಈ ಕಥೆಯ ಹೆಸರನ್ನೇ ಹೊತ್ತ ಅವರ ಪುಸ್ತಕ 1997ರಲ್ಲಿ ಹೊರಬಂದಿತು. ಧಾರವಾಡದಲ್ಲಿ ಓದಿದ ಗಿರೀಶ ಕಾರ್ನಾಡರು ಇದೇ ಕಥೆಯಿಂದ 1992ರಲ್ಲಿ 'ಚೆಲುವಿ' ಎಂಬ ಚಿತ್ರ ತೆಗೆದರು. 2006ರಲ್ಲಿ ಯುರೋಪಿನ ವಿಯೆನ್ನಾ ನಗರದಲ್ಲಿ ಇದು ಸಂಗೀತ ನಾಟಕವಾಯಿತು. ನಮ್ಮ ಅಜ್ಜಿಯರ ಕಥೆ ಅಷ್ಟು ದೂರ ನಡೆದಿದೆ. ಒಬ್ಬೊಬ್ಬರು ಒಂದೊಂದು ಬಗೆಯಾಗಿ ಹೇಳುತ್ತಾರೆ. ರಾಮಾನುಜನ್‌ರು ಬರೆದಿಟ್ಟ ಬಗೆಯನ್ನು ಹಿಡಿದು ನಾವು ಹೇಳುತ್ತೇವೆ.

ಒಂದೂರಿನಲ್ಲಿ ಒಬ್ಬ ಮುದುಕಿ. ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ಮುದುಕಿ ಕಂಡವರ ಮನೆಯಲ್ಲಿ ದುಡಿದು ಮಕ್ಕಳ ಹೊಟ್ಟೆ ಹೊರೆಯುತ್ತಿದ್ದಳು. ಕಿರಿಯ ಮಗಳಿಗೆ ತಾಯಿಯ ಕಷ್ಟ ನೋಡಲಾಗಲಿಲ್ಲ. ಅವಳು ಅಕ್ಕನಿಗೆ ಹೇಳಿದಳು: ಎರಡು ಕೊಡ ನೀರು ತಾ, ಉಗುರು ತಾಗಿಸಬೇಡ. ಒಂದು ಕೊಡ ನನ್ನ ಮೇಲೆ ಸುರಿದರೆ ನಾನು ಹೂವಿನ ಗಿಡವಾಗುತ್ತೇನೆ. ಬೇಕಾದಷ್ಟು ಹೂ ಬಿಡಿಸಿಕೊ. ಎಲೆ ಹರಿಯಬೇಡ, ಟೊಂಗೆ ಮುರಿಯಬೇಡ. ಆಮೇಲೆ ಇನ್ನೊಂದು ಕೊಡ ಸುರಿ, ಮತ್ತೆ ಮನುಷ್ಯಳಾಗುತ್ತೇನೆ. ಹಾಗೆಯೇ ಆಯಿತು. ಹೂಗಳನ್ನು ಕಟ್ಟಿ ಅರಮನೆಗೆ ಒಯ್ದು ಮಾರಿದರು. ತಾಯಿ ಹೊಡೆದಾಳೆಂದು ಹಣವನ್ನು ಮುಚ್ಚಿಟ್ಟರು.

ಆ ಹೂ ರಾಜಕುಮಾರನ ಕಣ್ಣಿಗೆ ಬಿತ್ತು. ಅವನು ಕದ್ದು ನೋಡಿ ಗುಟ್ಟು ತಿಳಿದುಕೊಂಡ; ಅವಳನ್ನೇ ಮದುವೆಯಾದ. ಮದುವೆಯಾದ ಮೇಲೆ ಅವಳೊಡನೆ ಮಾತಿಲ್ಲ, ಕಥೆಯಿಲ್ಲ. ಗಿಡವಾಗಿ ಹೂ ಕೊಟ್ಟರೆ ಮಾತು ಎಂದು ಹಟ ಹಿಡಿದ. ಅವಳು ಅತ್ತಳು, ಕೊನೆಗೆ ಒಪ್ಪಿದಳು. ಅಂದಿನಿಂದ ದಿನವೂ ಅದೇ ಆಯಿತು. ಬಾಡಿದ ಹೂಗಳ ರಾಶಿ ಕಿಟಕಿಯ ಹೊರಗೆ ಬೀಳತೊಡಗಿತು.

ಆ ರಾಶಿಯನ್ನು ಕಂಡವಳು ರಾಜನ ಕಿರಿಯ ಮಗಳು. ಆ ಹುಡುಗಿಯ ಮಾತನ್ನೇ ನಾವು ಆಡಲು ಬಂದಿರುವುದು. ಅವಳ ಅಕ್ಕನ ಮದುವೆಯಾಗಿ ಬೇರೆ ಊರಿನಲ್ಲಿ ರಾಣಿಯಾಗಿದ್ದಾಳೆ. ಇವಳಿಗೆ ಇನ್ನೂ ಮದುವೆಯಿಲ್ಲ. ಮಗುವೂ ಅಲ್ಲ, ಹೆಂಗಸೂ ಅಲ್ಲ, ಅಂಥ ವಯಸ್ಸು. ಒಂದು ದಿನ ತಾಯಿಯನ್ನು ಕೇಳಿ ಅತ್ತಿಗೆಯನ್ನು ಸುರಹೊನ್ನೆಯ ತೋಪಿಗೆ ಕರೆದುಕೊಂಡು ಹೋದಳು. ಅಲ್ಲಿ ಗೆಳತಿಯರೆಲ್ಲ ಜೋಕಾಲಿ ಆಡುತ್ತಿದ್ದರು. ಆಟ ನಿಲ್ಲಿಸಿ ಎಲ್ಲರನ್ನೂ ಇಳಿಸಿದಳು. ಅತ್ತಿಗೆಯ ಎದುರು ನಿಂತು, ನೀನು ಹೂವಿನ ಗಿಡವಾಗುತ್ತೀಯಂತೆ, ಇಲ್ಲಿ ಯಾರ ತಲೆಯಲ್ಲೂ ಹೂವಿಲ್ಲ, ಗಿಡವಾಗು ಎಂದಳು. ಅತ್ತಿಗೆ ಒಪ್ಪಲಿಲ್ಲ. ನಾದಿನಿ ಹಂಗಿಸಿದಳು. ಬೇರೆಯವರಿಗಾದರೆ ಆಗುತ್ತೀ, ನಮಗೆ ಆಗಲಾರೆಯಾ ಎಂದು ಚುಚ್ಚಿದಳು. ಕೊನೆಗೆ ಆ ಬಡವಿ, ನೀರನ್ನು ನೋಡಿ ಸುರಿಯಿರಿ, ಟೊಂಗೆಗೆ ನೋವು ಮಾಡಬೇಡಿರಿ ಎಂದು ಬೇಡಿಕೊಂಡು ಗಿಡವಾದಳು.

ಹುಡುಗಿಯರು ಎಲೆ ಹರಿದರು, ಟೊಂಗೆ ಮುರಿದರು. ಅಷ್ಟರಲ್ಲಿ ಮಳೆ ಬಂತು. ಎರಡನೆಯ ಕೊಡವನ್ನು ಅಡ್ಡಾದಿಡ್ಡಿ ಸುರಿದು ಮನೆಗೆ ಓಡಿಹೋದರು. ಅತ್ತಿಗೆ ಮನುಷ್ಯಳಾದಳು, ಆದರೆ ಕೈಯಿಲ್ಲ, ಕಾಲಿಲ್ಲ, ಮೈಯೆಲ್ಲ ಗಾಯ. ತೆವಳುತ್ತ ಹೋಗಿ ಗಟಾರದಲ್ಲಿ ಬಿದ್ದಳು. ಇತ್ತ ಅರಮನೆಯಲ್ಲಿ ಕೇಳಿದರೆ, ಅವಳೆಲ್ಲಿ ಹೋದಳೋ ಯಾರಿಗೆ ಗೊತ್ತು ಎಂದು ನಾದಿನಿ ಬಾಯಿ ಮುಚ್ಚಿಕೊಂಡಳು.

ಮರುದಿನ ಆ ಹಾದಿಯಲ್ಲಿ ಹತ್ತಿಯ ಗಾಡಿ ಬಂದಿತು. ನವಲಗುಂದ-ಅಣ್ಣಿಗೇರಿಯ ಕಡೆಯವರು ಈ ಮಾತನ್ನು ಲಕ್ಷ್ಯಕೊಟ್ಟು ಕೇಳಿರಿ. ಗಾಡಿಯವನು ನರಳುವ ದನಿ ಕೇಳಿ ಗಾಡಿ ನಿಲ್ಲಿಸಿದ. ಬಟ್ಟೆ ಹೊದಿಸಿ, ಗಾಡಿಯಲ್ಲಿ ಕೂಡಿಸಿಕೊಂಡು, ಮುಂದಿನ ಊರಿನವರೆಗೆ ಒಯ್ದು ಇಳಿಸಿದ. ಆ ಊರು ರಾಜಕುಮಾರನ ಅಕ್ಕನ ಊರು. ಅಲ್ಲಿಯ ದಾಸಿಯರು ಅವಳನ್ನು ಕಂಡು, ಕರುಣೆಯಿಂದ ಒಳಗೆ ಒಯ್ದು, ಗಾಯ ತೊಳೆದು ಔಷಧ ಹಚ್ಚಿದರು. ರಾಜಕುಮಾರನೂ ಹೆಂಡತಿಯನ್ನು ಕಳೆದುಕೊಂಡು ಊರೂರು ಅಲೆದು ಭಿಕಾರಿಯಾಗಿ ಅಲ್ಲಿಗೇ ಬಂದ. ಅವಳ ಗುರುತು ಹಿಡಿದ. ಎರಡು ಕೊಡ ನೀರು ತರಿಸಿದ. ಒಂದನ್ನು ಸುರಿದ; ಅವಳು ಮುರಿದ ಗಿಡವಾದಳು. ಮುರಿದ ಟೊಂಗೆಗಳನ್ನು ಒಂದೊಂದಾಗಿ ಎತ್ತಿ ಕೂಡಿಸಿ ಕಟ್ಟಿ, ಎರಡನೆಯ ಕೊಡ ಸುರಿದ. ಅವಳು ಮೊದಲಿನಂತಾದಳು. ಇಬ್ಬರೂ ಊರಿಗೆ ಮರಳಿದರು.

ಇಲ್ಲಿಗೆ ಕಥೆ ಮುಗಿಯಬಹುದಾಗಿತ್ತು. ಮುಗಿಯಲಿಲ್ಲ. ನಡೆದ ಸಂಗತಿಯೆಲ್ಲ ತಿಳಿದ ರಾಜನು ಗುಂಡಿ ತೋಡಿಸಿ, ಅದರಲ್ಲಿ ಸುಡುವ ಸುಣ್ಣ ತುಂಬಿಸಿ, ಕಿರಿಯ ಮಗಳನ್ನು ಅದರೊಳಗೆ ನೂಕಿಸಿದ. ಕಂಡ ಜನರು, ಮಾಡಿದ್ದಕ್ಕೆ ತಕ್ಕ ಶಿಕ್ಷೆಯಾಯಿತು ಎಂದರು.

ಬಂಧುಗಳೆ, ಚಿಕ್ಕವರಿದ್ದಾಗ ನಾವೂ ಹಾಗೆಯೇ ಅಂದೆವು. "ಭೇಷ್ ಆತು" ಎಂದು ಕೈ ಚಪ್ಪಾಳೆ ತಟ್ಟಿದೆವು. ಈಗ ಆ ಚಪ್ಪಾಳೆ ನೆನೆದರೆ ನಾಚಿಕೆಯಾಗುತ್ತದೆ.

ಆ ಹುಡುಗಿಯ ತಪ್ಪು ಸಣ್ಣದೆಂದು ನಾವು ಹೇಳುವುದಿಲ್ಲ. ಬಡ ಮನೆಯಿಂದ ಬಂದವಳನ್ನು ಹಂಗಿಸಿದಳು. ಅವಳ ಮೈ ಮುರಿಯುವುದನ್ನು ನೋಡುತ್ತ ನಿಂತಳು. ಮಳೆಯಲ್ಲಿ ಬಿಟ್ಟು ಓಡಿದಳು. ಎಲ್ಲಕ್ಕೂ ಕೆಟ್ಟದ್ದೆಂದರೆ, ಮನೆಗೆ ಬಂದು ಸುಳ್ಳು ಹೇಳಿದಳು. ಆ ರಾತ್ರಿಯೇ ನಿಜ ಹೇಳಿದ್ದರೆ, ಅತ್ತಿಗೆ ಗಟಾರದಲ್ಲಿ ಬೀಳುತ್ತಿರಲಿಲ್ಲ. ಇದನ್ನೆಲ್ಲ ಅವಳ ಖಾತೆಗೆ ಬರೆಯಿರಿ. ಒಂದು ಕಾಸೂ ಬಿಡಬೇಡಿರಿ.

ಆದರೆ ವ್ಯಾಪಾರಸ್ಥರೆ, ಕಿರ್ದಿ ಬರೆಯುವವರು ನೀವು. ಒಬ್ಬನ ಹೆಸರಿನಲ್ಲಿ ಖರ್ಚು ಬರೆದು ಉಳಿದವರ ಪುಟ ಹರಿದು ಹಾಕಿದರೆ ಆ ಲೆಕ್ಕವನ್ನು ಒಪ್ಪುತ್ತೀರಾ? ಈ ಕಥೆಯ ಉಳಿದ ಖಾತೆಗಳನ್ನೂ ತೆಗೆದು ನೋಡಿರಿ. ಅರಮನೆಯವರು ದಿನವೂ ಹೂ ಕೊಂಡರು. ಇಂಥ ಹೂ ಯಾವ ಮನೆಯ ಅಂಗಳದ್ದು, ಯಾರ ಮೈಯ ದುಡಿಮೆ ಎಂದು ಕೇಳಲಿಲ್ಲ. ರಾಜಕುಮಾರನು ಹೆಂಡತಿಯೊಡನೆ ಮಾತು ಬಿಟ್ಟು, ಅವಳನ್ನು ಅಳಿಸಿ, ದಿನವೂ ಗಿಡ ಮಾಡಿ, ಬೇಕಾದದ್ದಕ್ಕಿಂತ ಹೆಚ್ಚು ಹೂ ಕಿತ್ತು ಬಾಡಿಸಿ ಎಸೆದ. ಬೇಡವೆಂದವಳನ್ನು ಒತ್ತಾಯದಿಂದ ಗಿಡ ಮಾಡುವ ಪಾಠವನ್ನು ಅವನೇ ಮೊದಲು ಕಲಿಸಿದ. ತಂಗಿ ಕಿಟಕಿಯಿಂದ ನೋಡಿ ಕಲಿತಳು. ಅಣ್ಣ ಒಳಗೆ ಮಾಡಿದ್ದನ್ನು ಅವಳು ತೋಪಿನಲ್ಲಿ ಮಾಡಿದಳು. ಟೊಂಗೆ ಮುರಿದ ಗೆಳತಿಯರು ತಮ್ಮತಮ್ಮ ಮನೆಗೆ ಹೋಗಿ ಉಂಡು ಮಲಗಿದರು. ಇವರಲ್ಲಿ ಒಬ್ಬರಿಗಾದರೂ ಸುಣ್ಣದ ಗುಂಡಿಯಾಯಿತೆ? ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದಂತೆ, ಬರೆಯೆಲ್ಲ ಬಿದ್ದದ್ದು ಒಬ್ಬ ಹುಡುಗಿಗೆ.

ಗಿರಣಿಯ ಅಣ್ಣತಮ್ಮಂದಿರಿಗೆ ಈ ನ್ಯಾಯ ಹೊಸದಲ್ಲ. ತೈಲವಿಲ್ಲದೆ ಓಡಿಸಿದ ಯಂತ್ರ ಮುರಿದಾಗ, ಓಡಿಸಲು ಹೇಳಿದವನಿಗೆ ದಂಡ ಬೀಳುವುದಿಲ್ಲ. ಕೊನೆಗೆ ಕೈ ಇಟ್ಟವನಿಗೆ ಬೀಳುತ್ತದೆ. ಆ ನ್ಯಾಯ ನಿಮ್ಮ ಮೇಲೆ ಬಿದ್ದಾಗ ಬೊಬ್ಬೆ ಹಾಕುತ್ತೀರಿ. ಮನೆಯ ಹುಡುಗಿಯ ಮೇಲೆ ಬಿದ್ದಾಗ ಯಾಕೆ ಸುಮ್ಮನಿರಬೇಕು?

ಇನ್ನು ಆ ಹುಡುಗಿಯ ಡೌಲಿನ ವಿಚಾರ. ಅವಳು ರಾಜನ ಮಗಳು. ಚಿನ್ನವಿತ್ತು, ರೇಷ್ಮೆಯಿತ್ತು. ಆದರೂ ಗೆಳತಿಯರ ಎದುರು ತೋರಿಸಲು ಅವಳಿಗೆ ಸಿಕ್ಕದ್ದು ಅತ್ತಿಗೆಯ ಹೂ. ತನ್ನದೆನ್ನುವಂಥದು ಏನೂ ಇಲ್ಲದವರೇ ಇನ್ನೊಬ್ಬರದನ್ನು ತೋರಿಸಿ ಮೆರೆಯುತ್ತಾರೆ. ಅಕ್ಕ ಒಬ್ಬನ ಹೆಂಡತಿ, ಅಣ್ಣ ಒಬ್ಬಳ ಗಂಡ, ಅತ್ತಿಗೆಯ ಮೈಯಲ್ಲಿಯೇ ಹೂ; ತಾನು ಯಾರು? ಅರಮನೆಯಲ್ಲಿ ಅವಳನ್ನು ಯಾರೂ ಅದನ್ನು ಕೇಳಲಿಲ್ಲ. ಕಥೆಯ ಮೊದಲಿನಿಂದ ಕೊನೆಯವರೆಗೆ ತಂದೆ ಅವಳ ಕಡೆ ತಿರುಗುವುದು ಒಂದೇ ಸಲ, ಗುಂಡಿಗೆ ನೂಕಿಸುವಾಗ. ಹೊರಗೆ ಡೌಲು, ಒಳಗೆ ಅಂಜಿಕೆ. ನಾನು ಚೆನ್ನಾಗಿಲ್ಲ, ನನ್ನನ್ನು ಯಾರೂ ಎಣಿಸುವುದಿಲ್ಲ ಎಂಬ ಅಂಜಿಕೆ. ಆ ಅಂಜಿಕೆ ಇದ್ದವರೇ ಹತ್ತು ಸಲ ಕನ್ನಡಿ ನೋಡುತ್ತಾರೆ.

ಈಗ ನಮ್ಮ ತಪ್ಪನ್ನೂ ಈ ಸಭೆಯ ಮುಂದೆ ಹೇಳಬೇಕು.

ನಾವು ಮಾಸ್ತರರಾಗಿದ್ದ ಕಾಲದಲ್ಲಿ ಏಳನೆಯ ಇಯತ್ತೆಯಲ್ಲಿ ಒಬ್ಬ ಹುಡುಗಿ ಇದ್ದಳು. ಊರಿನ ಹೆಸರೂ ಬೇಡ, ಶಾಲೆಯ ಹೆಸರೂ ಬೇಡ. ಕಂಪಾಸ ಪೆಟ್ಟಿಗೆಯಲ್ಲಿ ಒಂದು ಕನ್ನಡಿಯ ಚೂರು ಇಟ್ಟುಕೊಂಡಿದ್ದಳು. ಮುಖಕ್ಕೆ ಪೌಡರು ಮೆತ್ತಿಕೊಂಡು ಬರುತ್ತಿದ್ದಳು. ಕೊರಳ ಹತ್ತಿರ ಅದು ಗೆರೆ ಕೊರೆದಂತೆ ಕಾಣುತ್ತಿತ್ತು. ಹಿಂದಿನ ಬೆಂಚಿನ ಹುಡುಗಿಯರನ್ನು ಅವರ ಹರಿದ ಲಂಗಕ್ಕಾಗಿ ಹಂಗಿಸುತ್ತಿದ್ದಳು. ಒಂದು ದಿನ ಒಂದು ಸಣ್ಣ ಹುಡುಗಿ ಅತ್ತದ್ದನ್ನು ಕಂಡು ನಮಗೆ ಸಿಟ್ಟು ಬಂದಿತು. ಆ ಕನ್ನಡಿ ಕಸಿದುಕೊಂಡೆವು. ಅವಳನ್ನು ಹಲಗೆಯ ಮುಂದೆ ನಿಲ್ಲಿಸಿ, ಕನ್ನಡಿಯನ್ನು ಅವಳ ಮುಖಕ್ಕೆ ಹಿಡಿದು, "ನೋಡಿರಿ, ನಮ್ಮ ಶಾಲೆಯ ರಾಣಿ" ಎಂದೆವು. ವರ್ಗವೆಲ್ಲ ನಕ್ಕಿತು. ಅತ್ತಿದ್ದ ಸಣ್ಣ ಹುಡುಗಿಯೂ ನಕ್ಕಳು. ನ್ಯಾಯ ಮಾಡಿದೆವೆಂದು ಅಂದು ನಮಗೆ ಹೆಮ್ಮೆಯಾಯಿತು.

ಮರುದಿನ ಅವಳು ಬರಲಿಲ್ಲ. ಎಂಟು ದಿನ ಕಾದು ಮನೆಗೆ ಹೋದೆವು. ತಾಯಿ ಹೊರಗೆ ಬಂದು, "ಇನ್ನ ಕಳಸೂದಿಲ್ರೀ ಸರ. ಅಕಿದು ಡೌಲು ಭಾಳ ಆಗೇದಂತ ನೀವ ಹೇಳಿದ್ರಂತಲ್ಲ" ಎಂದಳು. ಹುಡುಗಿ ಬಾಗಿಲ ಮರೆಯಲ್ಲಿ ನಿಂತಿದ್ದಳು. ಮುಖಕ್ಕೆ ಪೌಡರು ಇರಲಿಲ್ಲ. ಆಗ ಕಂಡಿತು: ಒಂದು ಕೆನ್ನೆಯ ಮೇಲೆ ಸುಟ್ಟ ಕಲೆ. ಒಲೆಯ ಮುಂದೆ ಚಿಕ್ಕಂದಿನಲ್ಲಿ ಆದದ್ದು. ವರ್ಷವಿಡೀ ನಮ್ಮ ಎದುರೇ ಕುಳಿತಿದ್ದಳು. ಪೌಡರು ಕಂಡಿತ್ತು, ಕಲೆ ಕಂಡಿರಲಿಲ್ಲ. ಬೇಡಿಕೊಂಡೆವು; ಆದರೆ ಅವಳು ಮತ್ತೆ ಶಾಲೆಗೆ ಬರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಮದುವೆ ಮಾಡಿದರೆಂದು ಕೇಳಿದೆವು. ವಯಸ್ಸು ಹದಿನೈದೂ ತುಂಬಿರಲಿಲ್ಲ.

2006ರ ಕಾಯದೆ ಹುಡುಗಿಗೆ 18 ತುಂಬದೆ ಮದುವೆ ಮಾಡಕೂಡದೆಂದು ಹೇಳುತ್ತದೆ. ಆ ಮದುವೆ ಮಾಡಿದವರು ಕಾಯದೆ ಮುರಿದರು. ಆದರೆ ಆ ಗುಂಡಿಯ ಮೊದಲ ಗುದ್ದಲಿ ನಾವು ಹಾಕಿದ್ದೆವು. ಹಂಗಿಸುವವಳನ್ನು ತಿದ್ದಲು ಹೋಗಿ ನಾವೂ ಹಂಗಿಸಿದೆವು. ಅವಳು ಮೂವರ ಎದುರು ಮಾಡಿದ್ದನ್ನು ನಾವು ನಾಲ್ವತ್ತು ಮಂದಿಯ ಎದುರು ಮಾಡಿದೆವು.

ಈ ಅಂಜಿಕೆ ಎಲ್ಲಿಂದ ಬರುತ್ತದೆ? ಹೊಟ್ಟೆಯಿಂದ ಬರುವುದಿಲ್ಲ. ಕಲಘಟಗಿಯ ಬಣ್ಣದ ತೊಟ್ಟಿಲು ನಾಡಿಗೆಲ್ಲ ಹೆಸರಾದದ್ದು. ಅದರಲ್ಲಿ ಮಲಗಿದ ಕೂಸಿಗೆ ತನ್ನ ಬಣ್ಣ ಯಾವುದೆಂದು ಗೊತ್ತಿರುವುದಿಲ್ಲ. ನೋಡಲು ಬಂದವರು ಹೇಳುತ್ತಾರೆ: "ಕೂಸು ಕಪ್ಪಾತಲ್ಲ." ಅಲ್ಲಿಂದ ಪ್ರಾರಂಭ. ಮುಂದೆ ಹೆಣ್ಣು ನೋಡಲು ಬಂದವರ ತನಕ ಅದೇ ಮಾತು. ಈ ಅಂಜಿಕೆಯನ್ನು ಬಲ್ಲವರು ಅದನ್ನು ಮಾರಾಟದ ಸರಕು ಮಾಡಿಕೊಂಡರು. 'ಫೇರ್ ಅಂಡ್ ಲವ್ಲಿ' ಎಂಬ ಮುಲಾಮು ನಮ್ಮ ದೇಶದ ಪೇಟೆಗೆ ಬಂದದ್ದು 1975ರಲ್ಲಿ. ಬೆಳ್ಳಗಿಲ್ಲದವಳಿಗೆ ಕೆಲಸವಿಲ್ಲ, ಗಂಡನಿಲ್ಲ ಎಂದು ವರ್ಷಗಟ್ಟಲೆ ಅದರ ಜಾಹೀರಾತು ಸಾರಿತು. ಲೋಕದ ಟೀಕೆಗೆ ಅಂಜಿ 2020ರಲ್ಲಿ ಹೆಸರನ್ನು 'ಗ್ಲೋ ಅಂಡ್ ಲವ್ಲಿ' ಎಂದು ಬದಲಿಸಿದರು. ಹೆಸರು ಬದಲಾಯಿತು, ಹಳ್ಳಿಯ ಹುಡುಗಿಯ ಎದೆಯೊಳಗೆ ಕೂಡಿಸಿದ ಅಂಜಿಕೆಯನ್ನು ಯಾರು ಬಂದು ತೆಗೆದರು? ಆ ಲಾಭಕ್ಕೆ ಸುಣ್ಣದ ಗುಂಡಿಯಿಲ್ಲ. ಗುಂಡಿ ಇರುವುದು ಆ ಚೀಟಿನ ಮುಲಾಮು ಕೊಂಡ ಹುಡುಗಿಗೆ.

ಅಂಗಡಿಯ ಅಣ್ಣಗಳಿರಾ, ಅದನ್ನು ಮಾರಬೇಡಿರಿ ಎಂದು ಹೇಳಲು ನಾವು ಬಂದಿಲ್ಲ. ನಿಮ್ಮ ಹೊಟ್ಟೆಪಾಡು ನಮಗೆ ಗೊತ್ತು. ಇಷ್ಟು ಮಾತ್ರ ಮಾಡಿರಿ. ಹುಡುಗಿ ಬಂದು ನಾಚುತ್ತ ರಿಬ್ಬನ್ನನ್ನೋ ಟಿಕಳಿಯನ್ನೋ ಕೇಳಿದಾಗ, "ಇದು ನಿನ್ನ ಬಣ್ಣಕ್ಕ ಒಪ್ಪೂದಿಲ್ಲವ್ವಾ" ಎಂದು ನಗೆಯಾಡಬೇಡಿರಿ. ನಿಮಗೆ ಅದು ಒಂದು ಕ್ಷಣದ ಮಾತು. ಅವಳು ಅದನ್ನು ಮನೆಗೆ ಹೊತ್ತುಕೊಂಡು ಹೋಗುತ್ತಾಳೆ.

ಗಿರಣಿಯ ತಂದೆಯರಿಗೂ ಒಂದು ಮಾತು. ದಣಿದು ಬಂದಾಗ ಮಾತು ಬೇಡವೆನಿಸುತ್ತದೆ, ನಮಗೂ ಹಾಗೆಯೇ. ಆದರೆ ಊಟಕ್ಕೆ ಕುಳಿತಾಗ ಮಗನಿಗೆ "ಸಾಲ್ಯಾಗ ಏನು ಕಲಿಸಿದರು" ಎಂದು ಕೇಳುವ ತಂದೆ, ಮಗಳಿಗೆ "ನೀರು ಕೊಡು" ಎನ್ನುತ್ತಾನೆ. ಅವಳಿಗೂ ಆ ಪ್ರಶ್ನೆ ಕೇಳಿರಿ. ಲೆಕ್ಕ ಬಿಡಿಸಿದಳೆಂದು, ಅಜ್ಜಿಗೆ ಪತ್ರ ಓದಿ ಹೇಳಿದಳೆಂದು, ಕುಂಟುವ ಕರುವಿಗೆ ಪಟ್ಟಿ ಕಟ್ಟಿದಳೆಂದು ಒಮ್ಮೆ ಮೆಚ್ಚಿ ಮಾತಾಡಿರಿ. ಮುಖದ ಹೊರತು ತನ್ನಲ್ಲಿ ಬೇರೆ ಏನೋ ಇದೆ ಎಂದು ಅವಳಿಗೆ ಗೊತ್ತಾದರೆ, ಕನ್ನಡಿಯ ಮುಂದೆ ನಿಂತರೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನಿಂತರೂ ಚಿಂತೆಯಿಲ್ಲ. ನಿಮ್ಮ ಮಗ ಮೋಟರಸೈಕಲಿನ ಕನ್ನಡಿಯಲ್ಲಿ ಕ್ರಾಪು ತಿದ್ದಿಕೊಂಡಾಗ ಸಾಲಿ ಬಿಡಿಸಿದಿರಾ?

ಹಾಗಾದರೆ ಹಂಗಿಸಿದವಳಿಗೆ ಶಿಕ್ಷೆ ಬೇಡವೆ, ಎಂದು ಕೇಳುವಿರಿ. ತಿದ್ದಿಕೆ ಬೇಕು. ಅದರ ಹಾದಿ ಕಥೆಯಲ್ಲಿಯೇ ಇದೆ. ಮುರಿದ ಗಿಡವನ್ನು ಯಾವುದು ಸರಿಪಡಿಸಿತು? ಎರಡು ಕೊಡ ನೀರು ಮತ್ತು ಟೊಂಗೆಗಳನ್ನು ಒಂದೊಂದಾಗಿ ಕೂಡಿಸಿದ ಕೈ. ಮೊದಲು ತಪ್ಪು ಮಾಡಿದ ಗಂಡನಿಗೆ ಆ ಕೆಲಸ ದೊರೆಯಿತು. ಮುರಿದದ್ದನ್ನು ಕಟ್ಟಿ ಅವನು ಮನುಷ್ಯನಾದ. ಅದೇ ಕೊಡವನ್ನು ತಂಗಿಯ ಕೈಗೂ ಕೊಟ್ಟಿದ್ದರೆ? "ನೀನು ಮುರಿದಿ, ನೀನೇ ನೀರು ಹೊತ್ತು ತಾ, ಟೊಂಗೆ ಹಿಡಿ" ಎಂದಿದ್ದರೆ? ಅವಳೂ ಮನುಷ್ಯಳಾಗುತ್ತಿದ್ದಳು. ಸುಣ್ಣದಲ್ಲಿ ಸುಟ್ಟವಳು ಏನು ಕಲಿತಳು? ನೋಡಿದ ಇತರ ಹುಡುಗಿಯರು ಕಲಿತದ್ದು ಒಂದೇ: ತಪ್ಪು ಮಾಡಿದರೆ ಬಾಯಿ ಬಿಡಬಾರದು. ಗುಂಡಿ ಇರುವ ಮನೆಯಲ್ಲಿ ಮಕ್ಕಳು ನಿಜ ಹೇಳುವುದಿಲ್ಲ. ಆ ರಾತ್ರಿ ಅವಳು ಸುಳ್ಳು ಹೇಳಿದ್ದು ಅದಕ್ಕೇ ಇರಬೇಕು. ತಂದೆ ಎಂಥವನೆಂದು ಅವಳಿಗೆ ಗೊತ್ತಿತ್ತು.

ಈ ಕಥೆಯನ್ನು ಹೇಳುತ್ತ ಬಂದವರು ಹೆಣ್ಣುಮಕ್ಕಳು. ಅವರು ಯಾರ ಕೈಯಲ್ಲಿ ಕರುಣೆ ಇಟ್ಟರು, ನೋಡಿರಿ. ರಾಜನ ಕೈಯಲ್ಲಿ ಅಲ್ಲ. ಹತ್ತಿಯ ಗಾಡಿ ಹೊಡೆಯುವವನ ಕೈಯಲ್ಲಿ, ನೀರು ಹೊರುವ ದಾಸಿಯರ ಕೈಯಲ್ಲಿ. ಗಟಾರದಲ್ಲಿ ಬಿದ್ದದ್ದು ಏನೆಂದು ಇಳಿದು ನೋಡಿದವನು ಹತ್ತಿ ಸಾಗಿಸುವ ಕೂಲಿಯವನು. ಹತ್ತಿಯ ಅಂಡಿಗೆ ಹೊತ್ತ ಬೆನ್ನುಗಳು ಈ ಸಭೆಯಲ್ಲಿಯೂ ಇವೆ. ಆ ಗಾಡಿಯವನ ಬಳಗ ನಾವು. ರಾಜನ ನ್ಯಾಯ ನಮಗೆ ಒಪ್ಪುವಂಥದಲ್ಲ.

ನಿಮ್ಮ ಊರಿನ ಬದಿಯ ನೀರಸಾಗರದ ನೀರು ಹುಬ್ಬಳ್ಳಿಯವರ ನಳಕ್ಕೆ ಹೋಗಿದೆ. ಕೆರೆ ಬತ್ತಿದ ವರ್ಷಗಳನ್ನೂ ನೀವು ಕಂಡಿದ್ದೀರಿ. ಎರಡು ಕೊಡ ನೀರಿನ ಬೆಲೆ ದುಮ್ಮವಾಡದವರಿಗೆ ನಾವು ಹೇಳಬೇಕಾದದ್ದಿಲ್ಲ. ಆ ನೀರನ್ನು ಸುಣ್ಣದ ಮೇಲೆ ಸುರಿದರೆ ಕುದಿಯುತ್ತದೆ. ಗಿಡದ ಬೇರಿಗೆ ಸುರಿದರೆ ಚಿಗುರುತ್ತದೆ.

ಇಂದು ಮನೆಗೆ ಹೋದ ಮೇಲೆ ಈ ಕಥೆಯನ್ನು ಮಕ್ಕಳಿಗೆ ಹೇಳಿರಿ. ಸುಣ್ಣದ ಗುಂಡಿಯನ್ನು ಮುಚ್ಚಿಡಬೇಡಿರಿ. ಇದ್ದದ್ದನ್ನು ಇದ್ದಂತೆ ಹೇಳಿರಿ. ಹೇಳಿದ ಮೇಲೆ, "ಆ ಸಣ್ಣ ಹುಡುಗಿಯನ್ನು ಏನು ಮಾಡಬೇಕಾಗಿತ್ತು?" ಎಂದು ನಿಮ್ಮ ಮಗಳನ್ನೇ ಕೇಳಿರಿ. ಅವಳು ಏನು ಉತ್ತರ ಕೊಡುತ್ತಾಳೆಂದು ಪೂರ್ತಿ ಕೇಳುವ ತನಕ ಎದ್ದು ಹೋಗಬೇಡಿರಿ. ಶಾಲೆ ಸುರುವಾದಾಗ ಅವಳ ಪಾಟಿಚೀಲ ಅವಳ ಹೆಗಲ ಮೇಲೆಯೇ ಇರಲಿ, ಅದರೊಳಗೆ ಒಂದು ಕನ್ನಡಿಯ ಚೂರು ಇದ್ದರೂ ಇರಲಿ.